ಒಡಿಯಾ ಸಿನಿಮಾದ ‘ವಿಸ್ಥಾಪಿತ’: ಕನ್ನಡ ಸಬ್‌ಟೈಟಲ್‌ಗೆ ಯಾವ ಪದ?

ಪ್ರಶ್ನೆ: ಗಣಿ, ಕಾರ್ಖಾನೆಗಾಗಿ ಆದಿವಾಸಿಗಳನ್ನು ಊರು ಬಿಡಿಸುವ ಕಥೆಯ ಒಡಿಯಾ ಚಿತ್ರವೊಂದಕ್ಕೆ ಕನ್ನಡ ಸಬ್‌ಟೈಟಲ್ ಆಗುತ್ತಿದೆ. ಮಾತುಮಾತಿಗೂ ಬರುವ ‘ವಿಸ್ಥಾಪಿತ’ಕ್ಕೆ (ಇದ್ದ ನೆಲೆಯಿಂದ ಎಬ್ಬಿಸಿ ಕಳಿಸಲಾದವರು, ಉಚ್ಚಾರ ‘ಬಿಸ್ಥಾಪಿತ’) ಕರಡಿನಲ್ಲಿ ‘ನಿರಾಶ್ರಿತ’ ಎಂದಿದೆ. ಸರಿಯೇ?

ಉತ್ತರ: ‘ನಿರಾಶ್ರಿತ’ ಬೇಡ. ಯುದ್ಧ, ಗಲಭೆಗೆ ಹೆದರಿ ಗಡಿ ದಾಟಿ ಬಂದವರಿಗೆ ಪತ್ರಿಕೆಗಳು ಬಳಸುವ ಪದ ಅದು. ಬೆಂಗಳೂರಿನಲ್ಲಂತೂ ಭಿಕ್ಷುಕರನ್ನು ಇರಿಸುವ ಸರ್ಕಾರಿ ಕೇಂದ್ರಕ್ಕೇ ‘ನಿರಾಶ್ರಿತರ ಪರಿಹಾರ ಕೇಂದ್ರ’ ಎಂಬ ಹೆಸರಿದೆ. ಬೆಟ್ಟ ತನ್ನದೆಂದು ಹೋರಾಡುವ ಕೊಂಧ ಬುಡಕಟ್ಟಿನವನನ್ನು ಹಾಗೆ ಕರೆದರೆ ಅವನ ವಾದವೇ ಬಿದ್ದುಹೋಗುತ್ತದೆ.

‘ಸಂತ್ರಸ್ತ’ ನಮ್ಮಲ್ಲಿ ಮುಳುಗಡೆಯ ಊರುಗಳಿಂದ ರೂಢಿಯಾಗಿದೆ, ನಿಜ. ಆದರೆ ನೆರೆ, ಬೆಂಕಿ, ಅಪಘಾತ ಎಲ್ಲಕ್ಕೂ ಸಲ್ಲುವುದರಿಂದ ಯಾರೋ ಎಬ್ಬಿಸಿ ಕಳಿಸಿದರು ಎಂಬುದು ಅದರಲ್ಲಿ ಕಾಣುವುದಿಲ್ಲ. ‘ಗುಳೆ’ಯೂ ಹೊಂದದು, ಗುಳೆ ಹೋದವರು ಮಳೆ ಬಿದ್ದರೆ ಊರಿಗೆ ಮರಳುತ್ತಾರೆ.

ಮಾತಾಡುತ್ತಿರುವವರು ಯಾರು ಎಂದು ನೋಡಿ ಪದ ಹಾಕಿ. ಅಧಿಕಾರಿಯ ಬಾಯಲ್ಲಿ ‘ನಿರ್ವಸಿತ ಕುಟುಂಬ’ ಸಹಜ. ಆದರೆ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ‘ಬಾಧಿತ ಕುಟುಂಬ’ ಎಂಬ ಇನ್ನೂ ವಿಶಾಲವಾದ ವರ್ಗವಿದೆ. ಮನೆ ಬಿಟ್ಟು ಬೇರೆಡೆ ನೆಲೆಸಬೇಕಾದವರು ಮಾತ್ರ ನಿರ್ವಸಿತರು. ಸ್ವಾಧೀನಕ್ಕೆ ಹಿಂದಿನ 3 ವರ್ಷ ಮುಖ್ಯವಾಗಿ ಕಾಡುತ್ಪನ್ನ ಆಯ್ದೇ ಬದುಕಿದವರ ಜೀವನಕ್ಕೆ ಪೆಟ್ಟು ಬಿದ್ದರೆ, ಮನೆ ಉಳಿದಿದ್ದರೂ ಅವರು ಬಾಧಿತರು. ಎರಡಕ್ಕೂ ಒಂದೇ ಪದ ಹಾಕಿದರೆ, ಹೆಸರು ಯಾವ ಪಟ್ಟಿಯಲ್ಲಿದೆ ಎಂಬ ಜಗಳ ಯಾಕೆಂದೇ ನೋಡುವವರಿಗೆ ತಿಳಿಯುವುದಿಲ್ಲ.

ಊರವರ ಬಾಯಲ್ಲಿ ಕ್ರಿಯಾಪದವೇ ಚೆಂದ: ‘ನಮ್ಮನ್ನ ಒಕ್ಕಲೆಬ್ಬಿಸಿದ್ರು’. ಇದನ್ನೇ ‘ಒಕ್ಕಲೆಬ್ಬಿಸಲ್ಪಟ್ಟವರು’ ಎಂದು ಹಿಗ್ಗಿಸಬೇಡಿ. ಹಾಗೆ ಯಾರೂ ಮಾತಾಡುವುದಿಲ್ಲ. ಮೇಲಾಗಿ ಎರಡು ಸಾಲಿನ ಸಬ್‌ಟೈಟಲ್‌ನಲ್ಲಿ ಸಾಲುಗಳ ನಡುವೆ ಜಾಗ ಕಡಿಮೆಯಿದ್ದರೆ ಮೇಲಿನ ಒತ್ತಕ್ಷರಗಳು ಕೆಳಗಿನ ಗುಡಿಸುಗಳಿಗೆ ತಾಗಿ ಓದಲಾಗುವುದಿಲ್ಲ. ‘ಎತ್ತಂಗಡಿ’ ಚುರುಕಾದ ಪದವಾದರೂ ಅಧಿಕಾರಿಗಳ ವರ್ಗಾವಣೆಯೇ ಮೊದಲು ನೆನಪಾಗುತ್ತದೆ.

ಜೊತೆಗೆ ‘ಪಲ್ಲಿ ಸಭಾ’ ಬಂದರೆ ‘ಪಂಚಾಯಿತಿ ಸಭೆ’ ಎನ್ನಬೇಡಿ. ಅದು ಚುನಾಯಿತ ಸದಸ್ಯರ ಸಭೆಯಾಗುತ್ತದೆ. ಪಲ್ಲಿ ಸಭೆ ಒಂದು ಹಳ್ಳಿಯ ಮತದಾರರೆಲ್ಲ ಸೇರುವಂಥದ್ದು. ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 2013ರಲ್ಲಿ ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಡವೆಂದದ್ದು ರಾಯಗಡ, ಕಾಲಾಹಾಂಡಿ ಜಿಲ್ಲೆಗಳ ಇಂಥ 12 ಸಭೆಗಳು. ‘ಊರ ಸಭೆ’ ಸಾಕು. ಕೊಂಧರ ಹಳ್ಳಿಗೆ ‘ಹಾಡಿ’ ಮಾತ್ರ ಹಾಕಬೇಡಿ, ಕನ್ನಡದವರ ಕಣ್ಣಿಗೆ ನಾಗರಹೊಳೆ ಬರುತ್ತದೆ.