ಬ್ಯಾಂಡ್ ಅಂದ್ರೆ ಯಾವ ಬ್ಯಾಂಡು?

ನಮ್ಮ ಬ್ಯಾಂಡಿನಲ್ಲಿ ನಾಲ್ಕು ಜನ. ಹಾಡೋಕೆ ಒಬ್ಬ, ಡ್ರಮ್ಸಿಗೆ ಒಬ್ಬ, ವಯಲಿನ್ನಿಗೆ ಒಬ್ಬಳು, ಬೇಸ್ ಗಿಟಾರಿಗೆ ನಾನು. ಬೇಸ್ ಅಂದರೆ ನುಡಿಸುವಾಗ ಯಾರ ಕಿವಿಗೂ ಬೀಳದೆ, ನಿಲ್ಲಿಸಿದ ಮೇಲೆ ‘ಏನೋ ಕಮ್ಮಿ ಆಯ್ತಲ್ಲ’ ಅನ್ನಿಸುವ ವಾದ್ಯ. ಸಾರಿಗೆ ಹಾಕಿದ ಇಂಗಿನ ಹಾಗೆ.

ಕಳೆದ ಭಾನುವಾರ ಬಸವನಗುಡಿಯಲ್ಲಿ ಒಂದು ದರ್ಶಿನಿಯ ಮುಂದೆ ನಿಂತು ಬೈ ಟೂ ಕಾಫಿ ಕುಡಿಯುತ್ತಿದ್ದೆವು. ಹಾಡೋನು ಲೋಟ ಕೆಳಗಿಟ್ಟ.

“ಮಗಾ, ಈ ಬೇಸಿಗೇಲಿ ನಮ್ದೇ ಒಂದು ಮ್ಯೂಸಿಕ್ ಫೆಸ್ಟ್ ಮಾಡೋಣ. ಆರು ಲೋಕಲ್ ಬ್ಯಾಂಡ್. ಚಿಕ್ಕದಾಗಿ.”

“ಚಿಕ್ಕದಾಗಿ ಅಂದ್ರೆ?” ಡ್ರಮ್ಸು ಕೇಳಿದ.

“ಒಂದು 200 ಜನ.”

“ಹೋದ ಸಲ ನಮ್ಮ ಶೋಗೆ ಬಂದಿದ್ದು 12 ಜನ. ಅದರಲ್ಲಿ ಇಬ್ಬರು ವೇಟರು. ಒಬ್ಬರು ನಮ್ಮಮ್ಮ.”

“ಅದಕ್ಕೇ ಆರು ಬ್ಯಾಂಡು. ಆರು ಹನ್ನೆರಡ್ಲ 72 ಆಗಲ್ವಾ?”

ಆಗಲ್ಲ. ನಮ್ಮ ಶೋಗೆ ಬರೋದು ಬೇರೆ ಬ್ಯಾಂಡಿನವರು, ಅವರ ಶೋಗೆ ಹೋಗೋದು ನಾವು. ಸಾಲದ್ದಕ್ಕೆ ನಮ್ಮ ಡ್ರಮ್ಸು ಮೂರು ಬ್ಯಾಂಡಿಗೆ ನುಡಿಸುತ್ತಾನೆ. ಆರು ಬ್ಯಾಂಡು ಕರೆದರೆ ಅರ್ಧ ಫೆಸ್ಟಿನಲ್ಲಿ ಸ್ಟೇಜಿನ ಮೇಲೆ ಇವನೇ ಕೂತಿರುತ್ತಾನೆ, ಅಂಗಿ ಮಾತ್ರ ಬದಲಾಯಿಸಿಕೊಂಡು.

ಪೋಸ್ಟರಿನಲ್ಲಿ ‘ಬ್ಯಾಂಡ್’ ಅಂತ ಹಾಕೋದು ಬೇಡ ಅಂದೆ. ನನ್ನ ಅನುಭವ ಹಾಗಿದೆ. ಮನೆಯಲ್ಲಿ ಮೊದಲ ಸಲ ‘ಬ್ಯಾಂಡ್ ಸೇರಿದೀನಿ, ಲೈವ್ ಮಾಡ್ತೀವಿ’ ಅಂದಾಗ ನಮ್ಮಪ್ಪ ಪೇಪರಿನಿಂದ ತಲೆ ಎತ್ತಿ ನನ್ನನ್ನೊಮ್ಮೆ, ಪೇಪರನ್ನೊಮ್ಮೆ ನೋಡಿದರು. ಅವರದೇನೂ ತಪ್ಪಿಲ್ಲ. ಆಗ ನಮ್ಮೂರಿನ ಪೇಪರುಗಳಲ್ಲಿ ಲೈವ್ ಬ್ಯಾಂಡ್ ಅಂದರೆ ಹುಡುಗಿಯರನ್ನು ಕುಣಿಸುವ ಬಾರು, ಪೊಲೀಸ್ ದಾಳಿ, ಮುಖಕ್ಕೆ ಕರ್ಚೀಫು ಹಿಡಿದವರ ಫೋಟೋ. 2005ರಲ್ಲಿ ಬೆಂಗಳೂರಿಗೆ ಬಂದ ಪೊಲೀಸ್ ಲೈಸೆನ್ಸಿನ ಆದೇಶ ಕೂಡ ಲೈವ್ ಬ್ಯಾಂಡನ್ನು ಕ್ಯಾಬರೆ, ಡಿಸ್ಕೋಥೆಕ್ ಜೊತೆ ಒಂದೇ ಪಂಕ್ತಿಯಲ್ಲಿ ಕೂರಿಸಿತ್ತು. ನಮ್ಮ ಸೋದರತ್ತೆಗೆ ಈ ಗೊಂದಲ ಇರಲಿಲ್ಲ, ಅವರಿಗೆ ಬೇರೆಯದೇ ಇತ್ತು. “ಬ್ಯಾಂಡ್‌ಸೆಟ್ಟಾ? ಒಳ್ಳೇದಾಯ್ತು ಬಿಡು, ನಮ್ಮ ಪುಟ್ಟಿ ವರಪೂಜೆಗೆ ನೀವೇ ಬಂದ್ಬಿಡಿ. ಆ ಕೆಂಪು ಕೋಟು ಅವರೇ ಕೊಡ್ತಾರಾ, ನೀವೇ ಹೊಲಿಸ್ಕೋಬೇಕಾ?”

“ಹಾಗಾದ್ರೆ ‘ರಸಮಂಜರಿ’ ಅಂತ ಹಾಕೋಣ” ಅಂದ ಡ್ರಮ್ಸು.

“ಹಾಕು. ಎರಡನೇ ಹಾಡಿಗೇ ಚೀಟಿ ಬರುತ್ತೆ, ಅಣ್ಣಾವ್ರ ಹಾಡು ಹಾಡಿ ಅಂತ. ಮಿಮಿಕ್ರಿ ಎಷ್ಟೊತ್ತಿಗೆ ಅಂತಾನೂ ಕೇಳ್ತಾರೆ.”

ಹಾಡೋನಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಅವನು ಇತಿಹಾಸ ಹೇಳುತ್ತಾನೆ. ಥರ್ಮಲ್ ಅಂಡ್ ಎ ಕ್ವಾರ್ಟರ್ ಅನ್ನೋ ಬ್ಯಾಂಡು 1996ರಿಂದ ಇದೇ ಊರಲ್ಲಿ ನುಡಿಸ್ತಾ ಇಲ್ವಾ? ಕ್ರಿಪ್ಟೋಸ್ 1998ರಲ್ಲಿ ಇಲ್ಲೇ ಶುರುವಾಗಿ 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಫೆಸ್ಟಿಗೆ ಹೋಗಲಿಲ್ವಾ? ಮೈಸೂರಿನ ರಘು ದೀಕ್ಷಿತ್ ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತು, ಕೊನೆಗೆ ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಗಿಟಾರ್ ಹಿಡಿಯಲಿಲ್ವಾ? ಅವರ ತಮ್ಮ ವಾಸು ದೀಕ್ಷಿತ್ ಸ್ವರಾತ್ಮ ಬ್ಯಾಂಡಿನ ಶೋಗಳಲ್ಲಿ ಸೊಂಟಕ್ಕೆ ಬೊಂಬೆ ಕುದುರೆ ಕಟ್ಟಿಕೊಂಡು ಕುಣಿಯಲಿಲ್ವಾ? 1996ರಿಂದ ಫ್ರೀಡಂ ಜಾಮ್ ಅಂತ ಪುಕ್ಕಟೆ ಶೋ ನಡೆದಿಲ್ವಾ?

“ಅದು ಆಗಸ್ಟ್ 15ರ ಲೆಕ್ಕ. ಮಳೆಗಾಲ” ಅಂದೆ.

“ಅದನ್ನೇ ನಾನೂ ಹೇಳ್ತಿರೋದು ಗುರು. ನಮ್ಮೂರಲ್ಲಿ ಬೇಸಿಗೆಗೆ ಅಂತ ಒಂದು ಮ್ಯೂಸಿಕ್ ಫೆಸ್ಟೇ ಇಲ್ಲ!”

ವಯಲಿನ್ ಇಷ್ಟೊತ್ತು ಸುಮ್ನೆ ಇದ್ದಳು. ಕಾಫಿ ಮುಗಿಸಿ ಬಾಯಿ ಒರೆಸಿಕೊಂಡಳು.

“ರಾಮನವಮಿ ಅಂದ್ರೆ ಏನು ಅಂದ್ಕೊಂಡಿದೀರೋ? ಚಾಮರಾಜಪೇಟೆ ರಾಮಸೇವಾ ಮಂಡಳಿಯವರು 1939ರಿಂದ ಮಾಡ್ತಿದಾರೆ. ಕೋಟೆ ಹೈಸ್ಕೂಲ್ ಮೈದಾನದಲ್ಲಿ, ಚಪ್ಪರ ಹಾಕಿ, ಹೆಚ್ಚು ಕಮ್ಮಿ ಒಂದು ತಿಂಗಳು. ಎಂ. ಎಸ್. ಸುಬ್ಬುಲಕ್ಷ್ಮಿ ಹಾಡಿದಾರೆ, ಭೀಮಸೇನ ಜೋಶಿ ಹಾಡಿದಾರೆ. ಬೇಸಿಗೆ ಫೆಸ್ಟ್ ಇಲ್ವಂತೆ!”

ಹಾಡೋನು ಬಾಯಿ ಮುಚ್ಚಿದ. ಅವಳು ಬಿಡಲಿಲ್ಲ. ಹೋದ ವರ್ಷ ತಮ್ಮ ಬೀದಿಯ ರಾಮನವಮಿಯಲ್ಲಿ ಅವಳದೂ ಒಂದು ಕಚೇರಿ ಇತ್ತಂತೆ. ರಸ್ತೆಗೆ ಅಡ್ಡವಾಗಿ ಶಾಮಿಯಾನ, 60 ಪ್ಲಾಸ್ಟಿಕ್ ಕುರ್ಚಿ. ಮೃದಂಗದವರು ಎಡಗಡೆಗೆ ರವೆ ಕಲಸಿ ಮೆತ್ತುತ್ತಿದ್ದರೆ ಮೈಕಿನ ಹುಡುಗ ಅವರ ತಲೆಯ ಮೇಲೇ ‘ಹಲೋ ಚೆಕ್, ಚೆಕ್’ ಅಂತ ಕೂಗುತ್ತಿದ್ದನಂತೆ. ಪಕ್ಕದ ಮೇಜಿನ ಮೇಲೆ ಒಂದು ಕೊಳಗ ಪಾನಕ, ಒಂದು ಬೇಸಿನ್ ತುಂಬ ಹೆಸರುಬೇಳೆ ಕೋಸಂಬರಿ. ಯಾರೋ ಪುಣ್ಯಾತ್ಮರು ಕಚೇರಿಗೆ ಮುಂಚೆಯೇ ಅದಕ್ಕೆ ಉಪ್ಪು ಬೆರೆಸಿಬಿಟ್ಟಿದ್ದರು. ಉಪ್ಪು ಬಿದ್ದರೆ ಸೌತೆಕಾಯಿ ಸುಮ್ಮನಿರುತ್ತದೆಯೇ? ಇವಳು ಆಲಾಪನೆ ಎಳೆಯುತ್ತಾ ಕಣ್ಣು ಬಿಟ್ಟರೆ ಮುಂದಿನ ಸಾಲಿನ ಅಜ್ಜಿ ಹತ್ತಿರಕ್ಕೇ ಬಂದು ನಿಂತಿದ್ದಾರೆ. “ಮಗೂ, ಚೆನ್ನಾಗಿ ನುಡಿಸ್ತೀಯಮ್ಮ. ಸ್ವಲ್ಪ ಬೇಗ ಮುಗಿಸಿಬಿಡು, ಕೋಸಂಬರಿ ನೀರು ಬಿಡ್ತಾ ಇದೆ.”

“ಮುಗಿಸಿದ್ಯಾ?”

“ಸ್ವರ ಬಿಟ್ಟು ಸೀದಾ ತನಿಗೆ ಕೊಟ್ಟೆ, ಮೃದಂಗದವರೊಬ್ಬರೇ ನುಡಿಸೋದಕ್ಕೆ. ತನಿ ಶುರುವಾಯ್ತೋ ಇಲ್ವೋ, ಅಷ್ಟೂ ಜನ ಎದ್ದು ಮೇಜಿನ ಹತ್ತಿರ ಲೈನು.”

“ಅನ್ಯಾಯ!” ಅಂದ ಡ್ರಮ್ಸು. ಅವನ ಗಂಟಲು ನಿಜವಾಗಿಯೂ ಕಟ್ಟಿತ್ತು. ಮೃದಂಗದವರ ಕಷ್ಟ ಅವನಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು?

ನನಗೆ ಮಾತ್ರ ಹೊಟ್ಟೆಕಿಚ್ಚಾಯಿತು. 60 ಕುರ್ಚಿ, 60ರಲ್ಲೂ ಜನ!

ಹಾಡೋನಿಗೂ ಅದೇ ಹೊಳೆದಿರಬೇಕು. “ಸರಿ, ನಾವೂ ಕೋಸಂಬರಿ ಇಡೋಣ” ಅಂದ. ಆಮೇಲಿನ ಅರ್ಧ ಗಂಟೆ ನಮ್ಮ ಫೆಸ್ಟಿನ ಪ್ಲಾನು. ಜಾಗಕ್ಕೆ ಒಂದು ಅಪಾರ್ಟ್‌ಮೆಂಟಿನವರನ್ನು ಕೇಳಿದ್ದೆವು, ಗಣೇಶನ ಹಬ್ಬಕ್ಕೆ ಬನ್ನಿ, ಮಕ್ಕಳ ಫ್ಯಾನ್ಸಿ ಡ್ರೆಸ್ಸಿನ ಮಧ್ಯೆ ಹತ್ತು ನಿಮಿಷ ಕೊಡ್ತೀವಿ ಅಂದಿದ್ದರು. ರಾತ್ರಿ 10ಕ್ಕೆ ಮೈಕು ಆರಿಸಬೇಕು, ಅದು ಕಾನೂನು. ಇನ್ನು ತಾರೀಕು. ಏಪ್ರಿಲ್ ಅಂದರೆ ಪರೀಕ್ಷೆ, ಐಪಿಎಲ್. ಮೇ ಅಂದರೆ ಮದುವೆ, ಮೇಲೆ ಮಳೆ. ನಮ್ಮಜ್ಜಿ ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅನ್ನುತ್ತಿದ್ದರು. ಅವರು ಯಾವತ್ತೂ ಬಯಲಲ್ಲಿ ಆಂಪ್ಲಿಫೈಯರ್ ಇಟ್ಟವರಲ್ಲ.

ಜಾಗ ಆಗಲಿಲ್ಲ, ತಾರೀಕು ಆಗಲಿಲ್ಲ. ಎರಡು ಕೆಜಿ ಹೆಸರುಬೇಳೆ ಅಂತ ಮಾತ್ರ ಖಾತ್ರಿಯಾಯಿತು. ಉಪ್ಪು ಕೊನೇ ಬ್ಯಾಂಡು ಹತ್ತಿದ ಮೇಲೆ.

ಆಗ ಗುಡುಗಿತು. ಡ್ರಮ್ಸು ಆಕಾಶ ನೋಡಿದ. ಅವನ ಮುಖ ಬಿಳಿಚಿಕೊಂಡಿತು. ಸದ್ದು ಜಾಸ್ತಿ ಅಂತ ಅವನ ಓನರು ನಮ್ಮ ಸಾಮಾನನ್ನೆಲ್ಲ ರೂಮಿನಿಂದ ತಾರಸಿಗೆ ಸಾಗಿಸಿ ಮೂರು ದಿನ ಆಗಿತ್ತು.

“ಏನಾದ್ರೂ ಹೊದಿಸಿದೀಯೇನೋ?”

“ಡ್ರಮ್ಸಿಗೆ ಹಳೇ ಫ್ಲೆಕ್ಸು ಹೊದಿಸಿದೀನಿ. ವಯಲಿನ್ನಿನ ಮೈಕು, ಹಾಡೋನ ಕೀಬೋರ್ಡು ಒಳಗಿಟ್ಟಿದೀನಿ” ಅನ್ನುತ್ತಾ ಗಾಡಿ ಸ್ಟಾರ್ಟ್ ಮಾಡಿದ.

“ನನ್ನ ಬೇಸ್ ಆಂಪು?”

ಅವನು ಹೆಲ್ಮೆಟ್ಟಿನ ಗಾಜು ಎತ್ತಿ ನನ್ನನ್ನೇ ನೋಡಿದ.

“ಅಯ್ಯೋ, ಅದೂ ಅಲ್ಲೇ ಇತ್ತಾ?”