ಬೈಬಲ್ ಸ್ಟಡಿಯಲ್ಲಿ ಪ್ರಶ್ನೆ ಕೇಳಿದ ಹುಡುಗ ಬರೋದು ಬಿಟ್ಟ, ನೀವಾದರೆ ಏನು ಮಾಡ್ತಿದ್ರಿ?

ಪ್ರಶ್ನೆ: ಶುಕ್ರವಾರ ಸಂಜೆ ನಮ್ಮ ಮನೆಯಲ್ಲಿ ಬೈಬಲ್ ಸ್ಟಡಿ ಇರುತ್ತದೆ, ನಡೆಸುವವಳು ನಾನೇ. ಹೋದ ವಾರ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ಓದಿದೆವು. ನಂಬಿಕೆಯಷ್ಟೇ ಸಾಲದು, ಕ್ರಿಯೆಯೂ ಬೇಕು ಅಂತ ಅಲ್ಲಿದೆ. "ಪೌಲ ರೋಮಾಪುರದವರಿಗೆ ಇದರ ಉಲ್ಟಾ ಬರೆದಿದ್ದಾನಲ್ಲ ಆಂಟಿ?" ಅಂತ ಕಾಲೇಜು ಹುಡುಗನೊಬ್ಬ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಹಿರಿಯರೊಬ್ಬರು "ವಾಕ್ಯವನ್ನು ಪ್ರಶ್ನಿಸಬಾರದು, ಪ್ರಾರ್ಥನೆ ಮಾಡೋಣ" ಅಂದರು. ಈ ವಾರ ಹುಡುಗ ಬರಲಿಲ್ಲ. ನಿಮ್ಮಲ್ಲಿ ಹೇಗೆ?

ಉತ್ತರ 1: ಅಕ್ಕಾ, ನಮ್ಮ ಗುಂಪಿನಲ್ಲಿ ಯೋಬನ ಪುಸ್ತಕ ನಡೆಯುತ್ತಿತ್ತು. ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನಿಗೆ ಗೆಳೆಯರು ಬಂದು 'ನಿನ್ನ ಪಾಪಕ್ಕೇ ಹೀಗಾಯ್ತು' ಅನ್ನೋ ಕಥೆ ಅದು. ಗಂಡ ತೀರಿಕೊಂಡು ಇನ್ನೂ ವರ್ಷ ತುಂಬದ ಒಬ್ಬ ಸಹೋದರಿ ಇದ್ದರು. ಯೋಬನ ಗೆಳೆಯರ ಮಾತು ಬಂದಾಗ ಬೈಬಲ್ ಮುಚ್ಚಿ ಮಡಿಲಲ್ಲಿಟ್ಟುಕೊಂಡರು. "ಇವರು ಹೇಳಿದ್ದನ್ನೆಲ್ಲ ನನಗೂ ಹೇಳಿದ್ದಾರೆ, ಮಣ್ಣು ಮಾಡಿ ಬಂದ ದಿನವೇ. ಹೇಳಿದವರಲ್ಲಿ ಮೂವರು ಇಲ್ಲೇ ಕೂತಿದ್ದಾರೆ" ಅಂದರು. ಯಾರೋ ಗಾಬರಿಯಿಂದ ಹಾಡು ಶುರು ಮಾಡಿದರು. "ಹಾಡು ಬೇಡ" ಅಂದರು ಆಕೆ. ಟೀ ಆರಿ ಕೆನೆ ಕಟ್ಟಿತು, ಯಾರೂ ಲೋಟ ಮುಟ್ಟಲಿಲ್ಲ. ಆಮೇಲೆ ಆಕೆಯೇ 42:7 ಓದಿದರು. ದೇವರ ಪರ ವಾದ ಮಾಡಿದ ಎಲೀಫಜ ಮತ್ತವನ ಗೆಳೆಯರ ಮೇಲೆ ದೇವರಿಗೇ ಸಿಟ್ಟು. ದೇವರ ಜೊತೆ ಜಗಳಕ್ಕೆ ನಿಂತ ಯೋಬನ ಮಾತೇ ಸರಿ ಅಂತ ಅಲ್ಲಿದೆ. ಎಷ್ಟು ಸಲ ಓದಿದ್ದೆನೋ, ತಲೆಗೆ ಹೋಗಿದ್ದು ಅವತ್ತು. ಆ ಮೂವರಲ್ಲಿ ನಾನೂ ಒಬ್ಬಳು.

ಈಗ ಯಾರಾದರೂ ಪ್ರಶ್ನೆ ಕೇಳಿದರೆ ನಾವು ತಕ್ಷಣ ಉತ್ತರ ಕೊಡೋದಿಲ್ಲ. "ಯಾಕೆ ಹಾಗನ್ನಿಸಿತು?" ಅಂತ ಕೇಳ್ತೀವಿ. ಅರ್ಧ ಸಂಜೆ ಅದರಲ್ಲೇ ಹೋಗುತ್ತದೆ, ಹೋಗಲಿ.

ಉತ್ತರ 2: ಹುಡುಗ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ 1522ರಲ್ಲಿ ಯಾಕೋಬನ ಪತ್ರಿಕೆಯನ್ನು 'ಹುಲ್ಲಿನ ಪತ್ರಿಕೆ', ಅಂದರೆ ತೂಕವಿಲ್ಲದ್ದು, ಅಂದಿದ್ದರು. ಹಾಗಂತ ಕಿತ್ತು ಹಾಕಲಿಲ್ಲ, ತಮ್ಮ ಅನುವಾದದಲ್ಲಿ ಕೊನೆಯ ಕಡೆಗೆ ತಳ್ಳಿದರು ಅಷ್ಟೇ. ಪೌಲ, ಯಾಕೋಬ ಇಬ್ಬರೂ ಉದಾಹರಣೆಗೆ ಹಿಡಿಯೋದು ಅಬ್ರಹಾಮನನ್ನೇ. ಪೌಲ ಆದಿಕಾಂಡ 15ಕ್ಕೆ ಹೋಗ್ತಾನೆ, ಅಲ್ಲಿ ಅಬ್ರಹಾಮ ಬರೀ ನಂಬುತ್ತಾನೆ. ಯಾಕೋಬ ಅದೇ ಆದಿಕಾಂಡದ 22ಕ್ಕೆ ಬರ್ತಾನೆ, ಅಲ್ಲಿ ಇಸಾಕನನ್ನು ಬಲಿ ಕೊಡಲು ಹೊರಡುತ್ತಾನೆ. ಎರಡನ್ನೂ ಅಕ್ಕಪಕ್ಕ ಇಟ್ಟು ಅವನ ಕೈಯಲ್ಲೇ ಓದಿಸಿ.

ಉತ್ತರ 3: ಸ್ವಲ್ಪ ಹುಷಾರು. ನಮ್ಮಲ್ಲೊಬ್ಬರು ಪ್ರತಿ ವಾರ ವಾದಕ್ಕೇ ಬರುತ್ತಿದ್ದರು. ಉತ್ತರ ಬೇಕಿರಲಿಲ್ಲ, ಗೆಲ್ಲಬೇಕಿತ್ತು. ಹೊಸದಾಗಿ ಬಂದಿದ್ದ ಇಬ್ಬರು ಬರೋದೇ ಬಿಟ್ಟರು. ಪ್ರಶ್ನೆ ಬೇರೆ, ಚಟ ಬೇರೆ ಅಲ್ವಾ?

ಉತ್ತರ 4: ಆ ಹಿರಿಯರಿಗೆ ಎಲ್ಲರ ಮುಂದೆ ಹೇಳಬೇಡಿ, ಮನೆಗೆ ಹೋಗಿ ಮಾತಾಡಿ. ಪೌಲ ಪೇತ್ರನಿಗೆ ನಿನ್ನದು ತಪ್ಪು ಅಂತ ಎಲ್ಲರೆದುರೇ ಹೇಳಿದನಲ್ಲ (ಗಲಾತ್ಯ 2) ಅಂತ ಯಾರಾದರೂ ಅನ್ನಬಹುದು. ಪೌಲನಿಗೆ ಮುಂದಿನ ಶುಕ್ರವಾರ ಪೇತ್ರನ ಪಕ್ಕ ಕೂತು ಟೀ ಕುಡಿಯೋದಿರಲಿಲ್ಲ!

ಪ್ರಶ್ನೆ ಕೇಳಿದವಳು: ಎಲ್ಲರಿಗೂ ಥ್ಯಾಂಕ್ಸ್. ಹುಡುಗನಿಗೆ ಫೋನ್ ಮಾಡಿದೆ. "ಆ ಅಂಕಲ್ ಇರ್ತಾರಾ?" ಅಂದ. ಇರ್ತಾರೆ ಅಂದೆ. ಆದಿಕಾಂಡ 15, 22 ಎರಡೂ ಓದಿಕೊಂಡು ಬರ್ತೀನಿ ಅಂದಿದ್ದಾನೆ.