ವಕೀಲರನ್ನು ಕೇಳಿ: ಬೆಟ್ಟಿಂಗ್ ಲಿಂಕ್ ಹಾಕಿ ಕಮಿಷನ್ ತಗೊಂಡವರ ಪ್ರಶ್ನೆಗಳು

ಕ್ರಿಕೆಟ್ ಪೇಜ್: ನಮಸ್ಕಾರ ಸರ್. ಟೆಲಿಗ್ರಾಂ ಚಾನೆಲ್‌ನಲ್ಲಿ ಬೆಟ್ಟಿಂಗ್ ಸೈಟಿನ ಲಿಂಕ್ ಹಾಕ್ತೀನಿ, ಅಷ್ಟೆ. ಆಡ್ಸೋನು ನಾನಲ್ಲವಲ್ಲ?

ವಕೀಲರು: ನಮಸ್ಕಾರ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಸೆಕ್ಷನ್ 6ರಲ್ಲಿ ಜಾಹೀರಾತೇ ಅಪರಾಧ, ಪರೋಕ್ಷವಾಗಿದ್ದರೂ ಸರಿ. 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ರಮ್ಮಿ ರಾಜ: ರಮ್ಮಿ ಕೌಶಲದ ಆಟ. 2022ರಲ್ಲಿ ಕರ್ನಾಟಕ ಹೈಕೋರ್ಟೇ ನಿಷೇಧ ರದ್ದು ಮಾಡಿದೆ.

ವಕೀಲರು: ರದ್ದಾಗಿದ್ದು ರಾಜ್ಯದ ತಿದ್ದುಪಡಿ. ಇದು ಕೇಂದ್ರದ ಕಾಯ್ದೆ. ಗೆಲ್ಲೋ ಆಸೆಗೆ ದುಡ್ಡು ಕಟ್ಟಿ ಆಡೋದಾದರೆ ಕೌಶಲವೋ ಅದೃಷ್ಟವೋ ಅಂತ ನೋಡೋದಿಲ್ಲ.

ರೀಲ್ಸ್ ಅಡ್ಡ: "18+, ಜವಾಬ್ದಾರಿಯಿಂದ ಆಡಿ" ಅಂತ ಹಾಕಿದ್ರೆ ಕೇಸ್ ಆಗಲ್ಲ ಅಂತ ಫಾರ್ವರ್ಡ್ ಬಂದಿದೆ.

ವಕೀಲರು: ಆಗುತ್ತೆ.

ಖಾತೆ ಫ್ರೀಜ್: ಸರ್, ನನ್ನ ಕೋಡ್‌ನಿಂದ ಸೇರಿದವರು ಸೋತದ್ದರಲ್ಲಿ ಶೇ 30 ನನಗೆ. ಯುಎಸ್‌ಡಿಟಿಯಲ್ಲಿ (ಡಾಲರ್ ಬೆಲೆಯ ಕ್ರಿಪ್ಟೊ) ಬರುತ್ತೆ, ಪಿ2ಪಿಯಲ್ಲಿ, ಅಂದ್ರೆ ನೇರ ಇನ್ನೊಬ್ಬರಿಗೆ ಮಾರ್ತೀನಿ. ಡೆಪಾಸಿಟ್‌ಗೆ ಯುಪಿಐ ಐಡಿ ಕಳಿಸೋದೂ ನಾನೇ. ಈಗ ಖಾತೆ ಫ್ರೀಜ್ ಆಗಿದೆ.

ವಕೀಲರು: ನಿಮ್ಮದು ಬರೀ ಜಾಹೀರಾತಿನ ಕೇಸಲ್ಲ. ಸೋತವರ ಹಣದಲ್ಲಿ ಪಾಲು ಅಂದರೆ ಆಟ ನಡೆಸೋಕೆ ನೆರವಾದಿರಿ ಅಂತ ಸೆಕ್ಷನ್ 5 ಹಾಕಬಹುದು. ಯುಪಿಐ ಐಡಿ ಕೊಟ್ಟಿದ್ದಕ್ಕೆ ಸೆಕ್ಷನ್ 7. ಇವೆರಡೂ ಜಾಮೀನುರಹಿತ, ವಾರಂಟ್ ಇಲ್ಲದೆ ಬಂಧಿಸಬಹುದು; 3 ವರ್ಷ, 1 ಕೋಟಿಯವರೆಗೆ. ಸೆಕ್ಷನ್ 6 ಆ ಪಟ್ಟಿಯಲ್ಲಿಲ್ಲ.

ಫ್ರೀಜ್‌ಗೆ ಕಾರಣ ಬೇರೆಯೇ ಇರಬಹುದು. ನಿಮ್ಮ ಯುಎಸ್‌ಡಿಟಿ ಕೊಂಡವನು ಯಾರಿಗೋ ವಂಚಿಸಿದ ಹಣ ಹಾಕಿರ್ತಾನೆ. ಹಣ ಕಳಕೊಂಡವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ ಆ ದುಡ್ಡು ಹಾದ ಖಾತೆಗಳನ್ನೆಲ್ಲ ಹಿಡೀತಾರೆ. ಬ್ಯಾಂಕಿನಿಂದ ಲಿಖಿತವಾಗಿ ತಗೊಳ್ಳಿ: ದೂರಿನ ಸಂಖ್ಯೆ, ಯಾವ ಠಾಣೆ, ಎಷ್ಟು ಮೊತ್ತ, ಇಡೀ ಖಾತೆಗೆ ತಡೆಯೋ ಇಲ್ಲಾ ಅಷ್ಟು ಮೊತ್ತಕ್ಕೆ ಮಾತ್ರ ತಡೆಯೋ (ಲೀನ್). ವಿವಾದದ ಮೊತ್ತ ಮಾತ್ರ ತಡೆಹಿಡಿಯಿರಿ ಅಂತ ತನಿಖಾಧಿಕಾರಿಗೆ ಅರ್ಜಿ ಕೊಡಿ. ಒಪ್ಪದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) ಸೆಕ್ಷನ್ 503ರಡಿ ಅರ್ಜಿ ಹಾಕಿ. ಪಿ2ಪಿ ಆರ್ಡರ್ ನಂಬರ್, ವ್ಯಾಲೆಟ್ ಟ್ರಾನ್ಸಾಕ್ಷನ್ ಐಡಿ, ಡ್ಯಾಶ್‌ಬೋರ್ಡ್ ಸ್ಟೇಟ್‌ಮೆಂಟ್ ಎಲ್ಲ ಉಳಿಸಿ. ಕಾಗದ ಯಾವುದನ್ನೇ ಕೊಡೋ ಮೊದಲು ನಿಮ್ಮ ವಕೀಲರಿಗೆ ತೋರಿಸಿ. ಕೋಡ್ ಇವತ್ತೇ ನಿಲ್ಲಿಸಿ.

ಶಾರ್ಟ್‌ಕಟ್: ಚಾಟ್ ಡಿಲೀಟ್ ಮಾಡಿ ಫೋನ್ ರೀಸೆಟ್ ಹೊಡೀರಿ. ಮುಗೀತು.

ವಕೀಲರು: ಇಂಥದ್ದನ್ನ ಇಲ್ಲಿ ಹಾಕಬೇಡಿ! ಸಾಕ್ಷ್ಯ ನಾಶಕ್ಕೆ ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಕಾನೂನು) ಸೆಕ್ಷನ್ 238 ಪ್ರತ್ಯೇಕವಾಗಿ ಬೀಳುತ್ತೆ. ನೀವು ಅಳಿಸಿದರೂ ಎದುರಿನವನ ಫೋನಲ್ಲಿ ಚಾಟ್ ಇರುತ್ತೆ, ಸೈಟಿನ ಲೆಡ್ಜರ್‌ನಲ್ಲಿ ನಿಮ್ಮ ಕೋಡ್ ಇರುತ್ತೆ.

ರಮ್ಮಿ ರಾಜ: ಸಿನಿಮಾ ನಟರು ಮಾಡಿದ್ರೆ ಏನೂ ಇಲ್ಲ, ನಮ್ಮಂಥೋರಿಗೆ ಮಾತ್ರ ಕಾನೂನು.

ಖಾತೆ ಫ್ರೀಜ್: ಅವರನ್ನೂ ಇ.ಡಿ. ಕರೆಸಿದೆ, ಪೇಪರ್ ಓದ್ರಿ. ಇಲ್ಲಿ ನನ್ನ ಮನೆ ಬಾಡಿಗೆ ಆ ಖಾತೇಲಿ ಸಿಕ್ಕಾಕ್ಕೊಂಡಿದೆ.

ರಮ್ಮಿ ರಾಜ: ಜನ ಸೋತ ದುಡ್ಡಲ್ಲವಾ ಅದು?

ಖಾತೆ ಫ್ರೀಜ್: ನೀನು ಹಂಚ್ತಿದ್ದ ಲಿಂಕ್ ಯಾವುದು, ಹೇಳು ನೋಡೋಣ.

ಹಳೇ ಚಾನೆಲ್: 2023ರ ಪ್ರಮೋಷನ್ ವಿಡಿಯೊ ಇನ್ನೂ ಇದೆ. ತೆಗೀಬೇಕಾ ಸರ್?

ಹೊಸಬ: ಸೈಟಿಗೆ ವಿದೇಶದ್ದು, ಕ್ಯುರಸಾವ್ ದ್ವೀಪದ ಲೈಸೆನ್ಸ್ ಇದ್ರೆ?

ವಕೀಲರು: ಲೈಸೆನ್ಸ್ ಅಲ್ಲಿಯದು, ಆಡೋರು ಇಲ್ಲಿಯವರು. ನಡೆಯಲ್ಲ.

ಕ್ರಿಕೆಟ್ ಪೇಜ್: ಲಿಂಕ್ ಬದಲು ಬಯೋದಲ್ಲಿ ಕೋಡ್ ಮಾತ್ರ ಹಾಕಿದ್ರೆ?

ವಕೀಲರು: "ಪರೋಕ್ಷ" ಅಂತ ಮೊದಲನೇ ಉತ್ತರದಲ್ಲೇ ಬರೆದಿದ್ದೀನಿ. ಖಾತೆ ಫ್ರೀಜ್ ಆದವರು: ವಿಚಾರಣೆಗೆ ಹಾಜರಾಗಿ ಅನ್ನೋ ಪೊಲೀಸರ ಬಿಎನ್‌ಎಸ್‌ಎಸ್ 35(3) ನೋಟಿಸ್ ಬಂದರೆ ಅದರಲ್ಲಿರೋ ದಿನ ತಪ್ಪಿಸಬೇಡಿ. ಹಾಜರಾಗದಿದ್ದರೆ ಅದೇ ಬಂಧನಕ್ಕೆ ಕಾರಣ ಆಗಬಹುದು.